ಹೊಳೆಯ ದೋಣಿ, ಕಡಲ ದೋಣಿ

ಕನ್ನಡ ಅಧ್ಯಾಪಕನಾದವನನ್ನು ಜನ ಏನೇನು ಕೇಳುತ್ತಾರೆಂಬುದಕ್ಕೆ ಮಿತಿಯಿಲ್ಲ. ಮಗುವಿಗೆ ಹೆಸರು, ಮನೆಗೆ ಹೆಸರು, ಮದುವೆಯ ಕರೆಯೋಲೆಗೆ ಒಕ್ಕಣೆ, ನಿವೃತ್ತರಾಗುವವರಿಗೆ ಬಿನ್ನವತ್ತಳೆ, ಇವೆಲ್ಲ ನನ್ನ ಪಾಲಿಗೆ ಬಂದಿವೆ. ಬಂದಾಗಲೆಲ್ಲ ನಾನು ಯಥಾಶಕ್ತಿ ನೆರವೇರಿಸಿದ್ದೇನೆ. ಆದರೆ ಎರಡು ಯಂತ್ರದೋಣಿಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಹೇಳುವ ಹೊಣೆ ಕಳೆದ ವರ್ಷದ ವೈಶಾಖದವರೆಗೆ ನನ್ನ ತಲೆಯ ಮೇಲೆ ಬಿದ್ದಿರಲಿಲ್ಲ. ಬಿದ್ದದ್ದಾದರೂ ಸಲಹೆಯ ರೂಪದಲ್ಲಲ್ಲ, ಜಾಮೀನಿನ ರೂಪದಲ್ಲಿ. ಸಹಕಾರಿ ಸಂಘವೊಂದರಲ್ಲಿ ಎರಡು ಲಕ್ಷ ರೂಪಾಯಿಯ ಸಾಲಕ್ಕೆ ನಾನು ರುಜು ಹಾಕಬೇಕಾಗಿತ್ತು. ರುಜು ಹಾಕುವವನಿಗೆ ಒಂದು ಮಾತು ಹೇಳುವ ಅಧಿಕಾರವೂ ಇರುತ್ತದೆಂದು ಹಳ್ಳಿಯ ಲೆಕ್ಕ.

ಸಾಲ ಬೇಕಾಗಿದ್ದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ. ಅವನ ತಂದೆ ನಮ್ಮ ಕಡವಿನ ದೋಣಿಯವರು. ಘಟ್ಟದ ಮೇಲಿನ ಓದುಗರಿಗೆ ನಮ್ಮ ಕಡೆಯ ನೆಲದ ರೀತಿಯನ್ನು ಸ್ವಲ್ಪ ಹೇಳಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಒಂದಾಗಿ ಗಂಗೊಳ್ಳಿಯ ಬಳಿ ಕಡಲನ್ನು ಸೇರುತ್ತವೆ. ಆ ಕೂಡುನೀರಿಗೆ ಪಂಚಗಂಗಾವಳಿ ಎಂದು ಹೆಸರು. ಬಡಗಣ ದಂಡೆಯಲ್ಲಿ ಗಂಗೊಳ್ಳಿ, ತೆಂಕಣ ದಂಡೆಯಲ್ಲಿ ಕುಂದಾಪುರದ ಕೋಡಿ, ನಡುವೆ ಅಳಿವೆ. ಹೊಳೆಯ ನಡುವೆ ಅಲ್ಲಲ್ಲಿ ತೆಂಗಿನ ತೋಟವಿರುವ ನೆಲದ ತುಂಡುಗಳಿವೆ. ಅವೇ ಕುದ್ರುಗಳು. ಅಂಥದೊಂದು ಕುದ್ರುವಿನಿಂದ ನಾನು ದಿನವೂ ಶಾಲೆಗೆ ಬರುತ್ತಿದ್ದವನು. ಸೇತುವೆಯಿಲ್ಲದ ಆ ದಿನಗಳಲ್ಲಿ ಬೆಳಗ್ಗೆ ನನ್ನನ್ನು ದಾಟಿಸಿ, ಸಂಜೆ ಮರಳಿ ತಂದು ಬಿಡುತ್ತಿದ್ದವರು ಇದೇ ದೋಣಿಯ ಅಜ್ಜ. ಆಗ ಅವರು ಅಜ್ಜರಾಗಿರಲಿಲ್ಲ. ನನ್ನನ್ನು ‘ಮಾಣಿ’ ಎಂದು ಕರೆಯುತ್ತಿದ್ದರು. ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಮರುದಿನದಿಂದ ‘ಮಾಷ್ಟ್ರೆ’ ಎನ್ನತೊಡಗಿದರು. ಆ ಬಡ್ತಿಯಿಂದ ನನಗೆ ಸಂತೋಷವಾಯಿತೆಂದು ಇಂದಿಗೂ ಹೇಳಲಾರೆ.

ಮಗನಿಗೆ ಹುಟ್ಟು ಹಾಕುವ ಕಾಲ ಮುಗಿದಿತ್ತು. ಹೊಳೆಯಲ್ಲಿ ಬಲೆ ಹಾಕುವುದು, ಕಪ್ಪೆಚಿಪ್ಪು ತರುವುದು, ಅಳಿವೆ ದಾಟಿ ದಡದ ಹತ್ತಿರದ ಕಡಲಿನಲ್ಲಿ ಬಂಗುಡೆ, ಬೂತಾಯಿ, ಸಿಗಡಿ ಹಿಡಿಯುವುದು, ಇದು ಅವನ ವೃತ್ತಿ. ಮರದ ಹಳೆಯ ದೋಣಿ ಜೋಡಣೆ ಬಿಟ್ಟುಕೊಂಡು ನೀರು ಕುಡಿಯತೊಡಗಿದಾಗ ಅವನು ಎರಡು ಫೈಬರ್ ದೋಣಿಗಳನ್ನು ನೋಡಿಬಂದ. ಎರಡೂ ಒಮ್ಮೆ ಒಬ್ಬರು ನಡೆಸಿದವು, ಎರಡೂ 20 ಅಡಿ ಉದ್ದದವು. ಒಂದರ ಬೆಲೆ 1,40,000 ರೂಪಾಯಿ, ಇನ್ನೊಂದರದು 2,10,000. ಮೊದಲನೆಯದರ ತಳ ಚಪ್ಪಟೆ, ಮಣೆಯ ಹಾಗೆ. ಎರಡನೆಯದರದು ಇಂಗ್ಲಿಷಿನ ‘ವಿ’ ಅಕ್ಷರದಂತೆ ನಡುವೆ ಚೂಪಾಗಿ ಇಳಿದು ಎರಡು ಪಕ್ಕಕ್ಕೂ ಏರುವಂಥದು. ಎಪ್ಪತ್ತು ಸಾವಿರದ ಅಂತರ ಇದ್ದದ್ದು ಈ ಆಕಾರದಲ್ಲಿ.

“ಸಾರ್, ನನಗೆ ವಿ ತಳದ್ದೇ ಬೇಕು” ಎಂದ ಹುಡುಗ. ಹುಡುಗನೆಂದರೆ ಮೂವತ್ತು ದಾಟಿದ್ದಾನೆ. ಎರಡು ಮಕ್ಕಳ ತಂದೆ.

“ಚಪ್ಪಟೆಯದ್ದು ಸಾಕು, ಕಾಣಿ ಮಾಷ್ಟ್ರೆ” ಎಂದರು ಅಜ್ಜ.

ಸೊಸೆ ಒಳಬಾಗಿಲಲ್ಲಿ ನಿಂತು ಏನೂ ಹೇಳಲಿಲ್ಲ. ಒತ್ತೆಗೆ ಹೋಗಲಿದ್ದದ್ದು ಅವಳ ಬಳೆಗಳು.

ಯಾವುದನ್ನೂ ಪುಸ್ತಕದಿಂದ ಆರಂಭಿಸುವುದು ನಮ್ಮ ವರ್ಗದ ದೌರ್ಬಲ್ಯ. ನಾನು ಮೊದಲು ಮಾಡಿದ ಕೆಲಸ ‘ಹಲ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಯೋಚಿಸಿದ್ದು. ‘ತಳ’ ಎಂದರೆ ಬುಡವೊಂದೇ ಆಗುತ್ತದೆ. ನೀರಿನಲ್ಲಿ ಮುಳುಗಿಯೂ ನೀರಿನ ಮೇಲೆದ್ದೂ ಇರುವ ಇಡೀ ಶರೀರಕ್ಕೆ ಆ ಮಾತು ಸಾಲದು. ‘ಒಡಲು’ ಒಪ್ಪುತ್ತದೆ, ಹೊಟ್ಟೆ, ಮೈ ಎಂಬ ಎರಡರ್ಥಗಳೂ ಅದರಲ್ಲಿವೆ. ‘ದೋಣಿ’ ಎಂಬ ಶಬ್ದವಾದರೋ ಸಂಸ್ಕೃತದ ‘ದ್ರೋಣಿ’ಯ ತದ್ಭವ, ದ್ರೋಣಿಯೆಂದರೆ ತೊಟ್ಟಿ. ರಾಮಾಯಣದಲ್ಲಿ ದಶರಥನ ದೇಹವನ್ನು ಭರತ ಬರುವವರೆಗೆ ಇರಿಸಿದ್ದು ತೈಲದ್ರೋಣಿಯಲ್ಲಿ, ಅಂದರೆ ಎಣ್ಣೆಯ ತೊಟ್ಟಿಯಲ್ಲಿ. ಅಲ್ಲಿ ಎಣ್ಣೆ ಒಳಗಿರುತ್ತದೆ. ದೋಣಿಯಲ್ಲಿ ನೀರು ಹೊರಗಿರಬೇಕು, ವ್ಯತ್ಯಾಸ ಅಷ್ಟೆ. ಈ ಸಂಶೋಧನೆಯನ್ನು ಅಜ್ಜರ ಮುಂದಿಟ್ಟಾಗ ಅವರು ಗಂಭೀರವಾಗಿ ಕೇಳಿ, “ಹಾಂಗಾದ್ರೆ ನಮ್ಮ ಹಳೇದು ಈಗ ಸಂಸ್ಕೃತ ಆಯ್ತು” ಎಂದರು. ಹಳೆಯ ದೋಣಿಯಲ್ಲಿ ಆಗ ಮೊಣಕಾಲುದ್ದ ನೀರು ನಿಂತಿತ್ತು.

ಆಮೇಲೆ ಓದಿದ್ದು ಸ್ವಲ್ಪ ಉಪಯೋಗಕ್ಕೆ ಬಂತು. ದೋಣಿಗೆ ಯಾವ ಆಕಾರ ಮೇಲು ಎಂಬುದು ಬಹಳ ಹಳೆಯ ಜಗಳ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಫ್ರೌಡ್ ಎಂಬ ಎಂಜಿನಿಯರ್ ಇದನ್ನು ವಾದದಿಂದಲ್ಲ, ಅಳತೆಯಿಂದ ತೀರ್ಮಾನಿಸಬೇಕೆಂದು ಹೊರಟ. 1867ರ ಸುಮಾರಿಗೆ ಎರಡು ಆಕಾರಗಳ ಮಾದರಿಗಳನ್ನು ಮಾಡಿದ. ಒಂದರ ತುದಿಗಳು ಚೂಪು. ಅದರ ಹೆಸರು ‘ರೇವನ್’, ಅಂದರೆ ಕಾಗೆಯ ಜಾತಿಯ ದೊಡ್ಡ ಹಕ್ಕಿ. ಇನ್ನೊಂದರ ತುದಿಗಳು ಮೊಂಡು. ಅದರ ಹೆಸರು ‘ಸ್ವಾನ್’, ಹಂಸ. ಮೂರು, ಆರು, ಹನ್ನೆರಡು ಅಡಿಗಳ ಅಳತೆಯಲ್ಲಿ ಅವನ್ನು ಮಾಡಿ ಡಾರ್ಟ್ ನದಿಯಲ್ಲಿ ಎಳೆಯಿಸಿ, ನೀರು ಎಷ್ಟು ತಡೆಯುತ್ತದೆಂದು ಅಳೆದ. ಚೂಪಾದದ್ದೇ ಗೆಲ್ಲುತ್ತದೆಂದು ಆ ಕಾಲದ ಪಂಡಿತರ ಎಣಿಕೆ. ನಿಧಾನವಾಗಿ ಎಳೆದಾಗ ಕಾಗೆಗೆ ತಡೆ ಕಡಮೆಯಾಗಿದ್ದದ್ದೂ ನಿಜ. ಆದರೆ ವೇಗ ಹೆಚ್ಚಿದಂತೆ ಲೆಕ್ಕ ತಿರುಗಿ ಹಂಸ ಮುಂದಾಯಿತು. ಎಲ್ಲ ವೇಗಕ್ಕೂ ಒಪ್ಪುವ ಒಂದೇ ಆಕಾರವಿಲ್ಲವೆಂದು ಅಂದು ಗೊತ್ತಾಯಿತು. ಮುಂದೆ 1872ರಲ್ಲಿ ಟಾರ್ಕಿಯಲ್ಲಿ ತನ್ನ ಮನೆಯ ಬಳಿಯೇ ಅವನು ಉದ್ದನೆಯ ಕೊಳವೊಂದನ್ನು ಸಿದ್ಧಪಡಿಸಿದ. ಇಂದಿಗೂ ಹಡಗಿನ ಮಾದರಿಗಳನ್ನು ಪರೀಕ್ಷಿಸುವುದು ಆ ಬಗೆಯ ಕೊಳಗಳಲ್ಲೇ.

ಇನ್ನೊಂದು ಸಂಗತಿ ನನಗೆ ಇನ್ನೂ ಹಿಡಿಸಿತು. ಅಮೆರಿಕದಲ್ಲಿ ರೇಮಂಡ್ ಹಂಟ್ ಎಂಬ ವಿನ್ಯಾಸಕಾರನಿದ್ದ. ಆಳವಾದ ವಿ ಒಡಲಿಗೆ ಕೀರ್ತಿ ತಂದವನು ಅವನೇ. 1960ರಲ್ಲಿ ಮಯಾಮಿಯಿಂದ ನಾಸೋವರೆಗೆ ನಡೆದ ಯಂತ್ರದೋಣಿಗಳ ಪಂದ್ಯದಲ್ಲಿ ಕಡಲು ಕೆರಳಿತ್ತು. ಅವನು ರೂಪಿಸಿದ ‘ಮಾಪಿ’ ಎಂಬ ದೋಣಿ ಅದರಲ್ಲಿ ಗೆದ್ದ ಮೇಲೆ ಜಗತ್ತೆಲ್ಲ ವಿ ಒಡಲಿನ ಜಪ ಮಾಡಿತು. ಆದರೆ ಅದಕ್ಕೆ ಎರಡೇ ವರ್ಷ ಹಿಂದೆ, 1958ರಲ್ಲಿ, ಮಾರುಕಟ್ಟೆಗೆ ಬಂದಿದ್ದ ‘ಬಾಸ್ಟನ್ ವೇಲರ್’ ಎಂಬ 13 ಅಡಿಯ ಪುಟ್ಟ ದೋಣಿಯ ರೂಪದಲ್ಲೂ ಅವನದೇ ಕೈ. ಅದರ ಗುಣ ತೀರ ಬೇರೆ: ಅಗಲವಾದ, ಆಳವಿಲ್ಲದ, ಮೂರು ಏಣುಗಳ ಅಡಿ, ಬದಿಯಲ್ಲಿ ನಿಂತರೂ ವಾಲದ ಸ್ಥಿರತೆ. ಅದನ್ನು ತಯಾರಿಸುತ್ತಿದ್ದ ಡಿಕ್ ಫಿಶರ್ 1961ರಲ್ಲಿ ಅದರೊಳಗೆ ಕುಳಿತಂತೆಯೇ ದೋಣಿಯನ್ನು ಗರಗಸದಿಂದ ಎರಡು ತುಂಡು ಮಾಡಿಸಿ, ಉಳಿದ ಅರ್ಧದಲ್ಲಿ ಯಂತ್ರ ಹಚ್ಚಿ ತೇಲಿಹೋದ ಚಿತ್ರ ‘ಲೈಫ್’ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಒಬ್ಬನೇ ಮನುಷ್ಯ ಕೆಲವೇ ವರ್ಷಗಳ ಅಂತರದಲ್ಲಿ ಇಷ್ಟು ಭಿನ್ನವಾದ ಎರಡು ಒಡಲುಗಳಿಗೆ ಒಪ್ಪಿಗೆ ಕೊಟ್ಟನೆಂದರೆ, ಅವನಿಗೆ ಯಾವುದರ ಮೇಲೂ ವ್ರತವಿರಲಿಲ್ಲ ಎಂದಾಯಿತು.

ಕಾಗೆ–ಹಂಸಗಳ ಕಥೆಯನ್ನು ನಾನು ಅಜ್ಜರ ಜಗಲಿಯಲ್ಲಿ ಕುಳಿತು ಸಾಕಷ್ಟು ಉತ್ಸಾಹದಿಂದ ಹೇಳಿದೆ. ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸದೆ, “ನಮ್ಮದು ಎಷ್ಟು ವೇಗ?” ಎಂದು ಕೇಳಿದರು.

ಕೇಳಬೇಕಾಗಿದ್ದ ಪ್ರಶ್ನೆ ಅದೇ. ನನಗೆ ಹೊಳೆದಿರಲಿಲ್ಲ.

ವೇಗದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ತನ್ನ ಅಲೆಯನ್ನು ತಾನೇ ಎಬ್ಬಿಸುತ್ತದೆ. ವೇಗ ಏರಿದಂತೆ ಆ ಅಲೆಯ ಉದ್ದವೂ ಏರುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ ದೋಣಿ ತಾನೇ ತೋಡಿದ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದಕ್ಕೆ ಎಷ್ಟು ಎಣ್ಣೆ ಸುಟ್ಟರೂ ಅದು ಗುಡ್ಡ ಹತ್ತಿದಂತೆಯೇ. ನೀರನ್ನು ತಾಗಿರುವ ಉದ್ದ 18 ಅಡಿಯಾದರೆ ಆ ಎಲ್ಲೆ ಸುಮಾರು ಐದೂಮುಕ್ಕಾಲು ನಾಟ್, ಎಂದರೆ ಗಂಟೆಗೆ ಹತ್ತೂವರೆ ಕಿಲೋಮೀಟರು. ಅದನ್ನು ಮೀರಬೇಕಾದರೆ ದೋಣಿ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೇರಿ ಜಾರಬೇಕು. ಹೊಳೆಯ ಮೇಲೆ ಮಕ್ಕಳು ಬೀಸುವ ಓಡಿನ ಚೂರು ಜಿಗಿಯುವ ಹಾಗೆ. ಹಾಗೆ ಜಾರಲು ಚಪ್ಪಟೆ ತಳ ಬೇಗ ಒಪ್ಪುತ್ತದೆ. ವಿ ತಳ ಹೆಚ್ಚು ಶಕ್ತಿ ಕೇಳುತ್ತದೆ. ಹಾಗೆ ಜಾರುತ್ತಿರುವಾಗ ಅಲೆಗೆ ಬಡಿದರೆ ಚಪ್ಪಟೆಯದು ಹಲಗೆಯಿಂದ ಹೊಡೆದಂತೆ ಬೆನ್ನೆಲುಬಿಗೆ ಏಟು ಕೊಡುತ್ತದೆ; ವಿ ಒಡಲು ಅಲೆಯನ್ನು ಕೊಯ್ದು ಮೆತ್ತಗೆ ಇಳಿಯುತ್ತದೆ. ಪುಸ್ತಕಗಳು ಈ ಎರಡನ್ನು ತೂಗಿನೋಡುವಾಗ ಬಹುಪಾಲು ಹೇಳುವುದು ಇಷ್ಟನ್ನೇ.

ನಮ್ಮ ಹುಡುಗನ ಯಂತ್ರವೋ 9.9 ಅಶ್ವಶಕ್ತಿಯದು. ಹತ್ತಕ್ಕೆ ಹೋಗದೆ 9.9ಕ್ಕೆ ನಿಂತದ್ದು ತಯಾರಕರ ರೂಢಿ. ಆದರೆ ಅವನಿಗೆ ಅದು ಬೇಕಾಗಿದ್ದದ್ದು ಕಾಯಿದೆಯ ದೆಸೆಯಿಂದ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲವೆಂದು. ಹತ್ತು ಅಶ್ವಶಕ್ತಿಯವರೆಗಿನ ಯಂತ್ರವಿರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ದೊಡ್ಡ ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಬಿದ್ದಿರುವಾಗ ಮೀನಿಗೆ ಬಂಗಾರದ ಬೆಲೆ. ನಾಡದೋಣಿಯವರ ವರ್ಷ ನಿಲ್ಲುವುದು ಆ ಎರಡು ತಿಂಗಳ ಮೇಲೆ. ತೂಫಾನು ಎದ್ದು ಕಡಲು ಕಲಕಿ ತಣಿದ ಮೇಲೆ ಮೀನು ದಡದ ಹತ್ತಿರಕ್ಕೆ ಬರುತ್ತದೆಂದು ನಮ್ಮವರು ಕಾಯುತ್ತಾರೆ.

ಹೀಗೆ ಯಂತ್ರ ಚಿಕ್ಕದು, ಹೊರೆ ದೊಡ್ಡದು. ದೋಣಿಯ ತೂಕ ನಾಲ್ಕು ಕ್ವಿಂಟಲ್. ಮೂವರು ಆಳು, ಬಲೆ, ಎಣ್ಣೆ, ಮಂಜುಗಡ್ಡೆ, ಹಿಡಿದ ಮೀನು ಎಲ್ಲ ಕೂಡಿಸಿದರೆ ಇನ್ನೊಂದು ನಾಲ್ಕು. ಒಂದು ಅಶ್ವಶಕ್ತಿಯ ಪಾಲಿಗೆ 80 ಕಿಲೋ ಬಂತು. ನೀರಿನ ಮೇಲೇರಿ ಜಾರಬೇಕಾದರೆ ಅದರ ಮೂರರಲ್ಲೊಂದು ಪಾಲು ಇರಬೇಕು. ಎಂದರೆ ಹೊರೆ ತುಂಬಿದ ಮೇಲೆ ಎರಡು ದೋಣಿಗಳಲ್ಲಿ ಯಾವುದೂ ಜಾರಲಾರದು. ಎರಡೂ ನೀರನ್ನು ಸೀಳುತ್ತ ಗಂಟೆಗೆ ಹತ್ತು ಕಿಲೋಮೀಟರಿನ ಸುತ್ತಮುತ್ತಲೇ ನಡೆಯಬೇಕು. ಮಯಾಮಿಯ ಪಂದ್ಯವೂ ಬಾಸ್ಟನ್ನಿನ ಗರಗಸವೂ ನಮ್ಮ ಕುದ್ರುವಿನ ಲೆಕ್ಕದಿಂದ ಹೊರಗೆ ಹೋದವು. ಎರಡು ವಾರದ ನನ್ನ ಓದು ಅಡಕೆ ಕತ್ತರಿಸುವಷ್ಟು ಹೊತ್ತಿನಲ್ಲಿ ಹೀಗೆ ತೀರಿಹೋದದ್ದರಿಂದ ನನಗೆ ಸ್ವಲ್ಪ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಹಾಗಾದರೆ ಉಳಿದದ್ದು ಮೂರು: ನೀರಿನ ಆಳ, ನಿಂತ ದೋಣಿಯ ಸ್ಥಿರತೆ, ಅಳಿವೆ.

ಆಳದ ಲೆಕ್ಕ ಸುಲಭ. ಎಂಟು ಕ್ವಿಂಟಲ್ ಹೊರೆ ತೇಲಬೇಕಾದರೆ ಎಂಟುನೂರು ಲೀಟರು ನೀರನ್ನು ಪಕ್ಕಕ್ಕೆ ಸರಿಸಬೇಕು. ಇದು ಆರ್ಕಿಮಿಡೀಸನ ಕಾಲದಿಂದ ನಡೆದುಬಂದ ಸುಂಕ. ಚಪ್ಪಟೆ ದೋಣಿ ತನ್ನ ಇಡೀ ಅಗಲದಿಂದ ಅದನ್ನು ತೀರಿಸುವುದರಿಂದ ಐದು ಅಂಗುಲ ಮುಳುಗಿದರೆ ಸಾಕು. ವಿ ಒಡಲು ತ್ರಿಕೋನವಾದ್ದರಿಂದ ಅಷ್ಟೇ ಅಗಲಕ್ಕೆ ಅರ್ಧವೇ ಜಾಗ. ಅದು ಹತ್ತು ಅಂಗುಲ ಇಳಿಯಬೇಕು. ಐದಂಗುಲದ ವ್ಯತ್ಯಾಸವೇನು ಮಹಾ ಎಂದು ಘಟ್ಟದ ಮೇಲಿನವರು ಅನ್ನಬಹುದು. ಇಳಿತದ ಹೊತ್ತಿನಲ್ಲಿ ಕುದ್ರುವಿನ ಬಳಿ ಕೆಸರು ತೋರುವ ಕಾಲುವೆಗಳಲ್ಲಿ ಆ ಐದಂಗುಲವೆಂದರೆ ಮನೆಯ ಮೆಟ್ಟಿಲಿಗೆ ದೋಣಿ ತಾಗಿಸುವುದಕ್ಕೂ, ಎದೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಅರ್ಧ ಫರ್ಲಾಂಗು ಕೆಸರು ತುಳಿಯುವುದಕ್ಕೂ ಇರುವ ದೂರ. ಕಪ್ಪೆಚಿಪ್ಪು ತೆಗೆಯುವ ದಿಬ್ಬಗಳ ಮೇಲಂತೂ ಯಂತ್ರವನ್ನು ಎತ್ತಿ ಕಟ್ಟಿ, ಬಿದಿರಿನ ಗಳದಿಂದ ನೂಕಿಕೊಂಡು ಹೋಗಬೇಕು. ಅಲ್ಲಿ ಚಪ್ಪಟೆಯದೇ ರಾಜ. ಬಲೆ ಎಳೆಯಲು ಮೂವರೂ ಒಂದೇ ಬದಿಗೆ ನಿಂತಾಗಲೂ ಅದು ಅಲುಗದು. ವಿ ಒಡಲು ಹೊಸ ಮದುಮಗನಂತೆ ಪ್ರತಿಯೊಬ್ಬರ ಕಡೆಗೂ ವಾಲುತ್ತದೆ.

ಆದರೆ ಆ ಸ್ಥಿರತೆಯಲ್ಲೊಂದು ಮೋಸವಿದೆ. ಚಪ್ಪಟೆ ತಳ ನೀರಿನ ಮೈಗೆ ಅಂಟಿಕೊಂಡಿರುತ್ತದೆ. ನೀರು ಸಮವಾಗಿದ್ದರೆ ತಾನೂ ಸಮ, ನೀರು ಓರೆಯಾದರೆ ತಾನೂ ಓರೆ. ಕಡಿದಾದ ಅಲೆ ಪಕ್ಕದಿಂದ ಬಂದಾಗ ಅದು ಅಲೆಯ ಇಳಿಜಾರಿಗೆ ಸರಿಯಾಗಿ ವಾಲುತ್ತದೆ. ಒಂದು ಮಿತಿ ದಾಟಿದರೆ ಎಚ್ಚರಿಕೆ ಕೊಡದೆ ಮಗುಚುತ್ತದೆ. ವಿ ಒಡಲು ಮೊದಲಿನಿಂದಲೇ ವಾಲಿ ವಾಲಿ ಎಚ್ಚರಿಸುತ್ತಿರುತ್ತದೆ. ಗಾಳಿಗೆ ಚಪ್ಪಟೆಯದು ಪಕ್ಕಕ್ಕೆ ಜಾರುತ್ತದೆ, ಹಿಡಿತವಿಲ್ಲ; ಎದುರಲೆಗೆ ಮೂತಿ ಕೊಟ್ಟರೆ ಬಡಿದು ನಿಲ್ಲುತ್ತದೆ. ಇದೆಲ್ಲ ಹೊಳೆಯಲ್ಲಿ ಲೆಕ್ಕಕ್ಕಿಲ್ಲ. ಅಳಿವೆಯಲ್ಲಿ ಲೆಕ್ಕಕ್ಕಿರುವುದು ಇದೊಂದೇ.

ಅಳಿವೆಯನ್ನು ಮಳೆಗಾಲದಲ್ಲಿ ನೋಡದವರಿಗೆ ಅದನ್ನು ವರ್ಣಿಸುವುದು ಕಷ್ಟ. ಐದು ಹೊಳೆಗಳ ಕೆಂಪು ನೀರು ಹೊರಕ್ಕೆ ನುಗ್ಗುತ್ತದೆ. ಪಡುವಣ ಅಲೆ ಒಳಕ್ಕೆ ನುಗ್ಗುತ್ತದೆ. ಅಡಿಯಲ್ಲಿ ಮರಳಿನ ದಿಂಡು, ವರ್ಷಕ್ಕೊಂದು ಜಾಗದಲ್ಲಿ. ಇಳಿತದ ಹೊತ್ತಿನಲ್ಲಿ ಇವೆರಡೂ ಎದುರಾದರೆ ಅಲೆ ಉದ್ದ ಕುಗ್ಗಿ ಎತ್ತರ ಹೆಚ್ಚಿ ಗೋಡೆಯಂತೆ ನಿಲ್ಲುತ್ತದೆ. ಹೊರಗೆ ಹೋಗುವುದು ಅಷ್ಟು ಕಷ್ಟವಲ್ಲ. ಮೂತಿ ಅಲೆಗೆ ಎದುರಾಗಿರುತ್ತದೆ, ಕಣ್ಣಿಗೆ ಎಲ್ಲ ಕಾಣುತ್ತದೆ. ಕಷ್ಟ ಮರಳುವಾಗ. ಅಲೆ ಹಿಂದಿನಿಂದ ಬರುತ್ತದೆ. ಅದು ಹಿಂಬದಿಯನ್ನು ಎತ್ತಿ ನೂಕಿದಾಗ ದೋಣಿ ಇಳಿಜಾರಿನಲ್ಲಿ ಓಡತೊಡಗಿ, ಮೂತಿ ಮುಂದಿನ ನೀರಿಗೆ ಕುತ್ತಿ, ಒಡಲು ಅಡ್ಡ ತಿರುಗಿತೆಂದರೆ ಮುಗಿಯಿತು.

“ಅಲೆಯ ಬೆನ್ನ ಮೇಲೆ ಬರಬೇಕು, ಮಾಷ್ಟ್ರೆ. ಅಲೆಯ ಮುಂದೆ ಓಡಬಾರದು” ಎಂದರು ಅಜ್ಜ. ಹೊರಗೆ ನಿಂತು ಅಲೆಗಳನ್ನು ಎಣಿಸಬೇಕಂತೆ. ದೊಡ್ಡವು ಗುಂಪಾಗಿ ಬರುತ್ತವೆ. ಅವು ಹೋದ ಮೇಲೆ ಸ್ವಲ್ಪ ಹೊತ್ತು ಕಡಲು ಉಸಿರು ಬಿಡುತ್ತದೆ. ಆಗ ಒಂದು ಅಲೆಯ ಬೆನ್ನನ್ನು ಹಿಡಿದು, ಅದನ್ನು ಹಿಂದಿಕ್ಕದೆ, ಅದರಿಂದ ಹಿಂದುಳಿಯದೆ ಒಳಗೆ ಬರಬೇಕು. ಇದಕ್ಕೆ ಅಲೆಯಷ್ಟೇ ವೇಗವಿಲ್ಲದ ಯಂತ್ರ ಸಾಲದು, ಆತುರವಿರುವ ಮನುಷ್ಯನೂ ಸಾಲದು. ಅಜ್ಜರ ಅಣ್ಣ ಒಂದು ಆಷಾಢದಲ್ಲಿ ಹೀಗೆ ಎಣಿಸದೆ ಬಂದರು. ಅಂದಿನಿಂದ ಅಜ್ಜ ಕಡಲಿಗೆ ಹೋಗುವುದನ್ನು ಬಿಟ್ಟು ಕಡವಿನ ದೋಣಿ ಹಿಡಿದದ್ದು. ನನ್ನಂಥ ನೂರಾರು ಮಕ್ಕಳು ಶಾಲೆಗೆ ದಾಟಿದ್ದು ಆ ಸಾವಿನಿಂದ ಎಂಬ ಸಂಗತಿ ನನಗೆ ತಿಳಿದದ್ದು ಈ ಜಗಲಿಯಲ್ಲಿ, ನನ್ನ ನಲವತ್ತನೆಯ ವಯಸ್ಸು ಕಳೆದ ಮೇಲೆ.

ತಂದೆ ಮಗನ ಮಾತು ಅಂದು ತಾರಕಕ್ಕೇರಿತು. ಅದನ್ನು ಇಳಿಸಿದ್ದು ಸೊಸೆ. ಒಳಗಿನಿಂದ ಹಿಂದಿನ ವರ್ಷದ ಗೋಡೆಯ ಕ್ಯಾಲೆಂಡರನ್ನು ತಂದು ನನ್ನ ಮುಂದಿಟ್ಟಳು. ಪ್ರತಿ ತಾರೀಖಿನ ಚೌಕದಲ್ಲೂ ಪೆನ್ಸಿಲಿನ ಗುರುತು. ಉದ್ದ ಗೆರೆಯೆಂದರೆ ಹೊಳೆ, ಸೊನ್ನೆಯೆಂದರೆ ಕಡಲು, ಅಡ್ಡಗೆರೆಯೆಂದರೆ ಅಳಿವೆಯವರೆಗೆ ಹೋಗಿ ನೋಡಿ ಹಿಂದಿರುಗಿದ ದಿನ. ಏನೂ ಇಲ್ಲದ್ದು ಮನೆಯಲ್ಲಿದ್ದ ದಿನ. ಸೊನ್ನೆಯ ಪಕ್ಕದಲ್ಲಿ ಮೀನು ಮಾರಿದ ಹಣದ ಮೊತ್ತ. ಎಂಟನೆಯ ತರಗತಿಗೆ ಓದು ಬಿಟ್ಟ ಹೆಣ್ಣುಮಗಳು. ಆದರೆ ಇಷ್ಟು ಅಚ್ಚುಕಟ್ಟಾದ ದಾಖಲೆಯನ್ನು ನನ್ನ ಎಂ.ಎ. ತರಗತಿಯ ಸಂಶೋಧನ ಪ್ರಬಂಧಗಳಲ್ಲಿ ನಾನು ಕಂಡಿಲ್ಲ.

ನಾವು ನಾಲ್ವರೂ ಕುಳಿತು ಎಣಿಸಿದೆವು. ಹೊಳೆ 131 ದಿನ. ಕಡಲು 74. ಹಿಂದಿರುಗಿದ್ದು 19. ಉಳಿದದ್ದು 141.

“ನೋಡಿ, ಹೊಳೆಯೇ ಹೆಚ್ಚು” ಎಂದರು ಅಜ್ಜ.

“ದುಡ್ಡು ಎಣಿಸಿ ಅಪ್ಪಯ್ಯ” ಎಂದ ಮಗ. ಕಡಲಿನ 74 ದಿನಗಳ ಗಳಿಕೆ ಹೊಳೆಯ 131 ದಿನಗಳದರ ಸುಮಾರು ಎರಡು ಪಟ್ಟು ಇತ್ತು. ಅದರಲ್ಲೂ ಅರ್ಧಕ್ಕೆ ಹತ್ತಿರ ಆ ಎರಡು ಮಳೆ ತಿಂಗಳ 22 ದಿನಗಳದು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರಳನ್ನು ಒಂದು ಅಡ್ಡಗೆರೆಯ ಮೇಲಿಟ್ಟರು. ಅವರ ಮನಸ್ಸಿನಲ್ಲಿದ್ದದ್ದು ಆಗ ಹೊರಬಿತ್ತು. “ಈ ಹತ್ತೊಂಬತ್ತು ದಿನ ಇವ ಹಿಂದೆ ಬಂದದ್ದು ಹಳೇ ದೋಣಿಯ ಮೇಲೆ ನಂಬಿಕೆ ಇಲ್ಲದ್ದಕ್ಕೆ, ಮಾಷ್ಟ್ರೆ. ಒಳ್ಳೇ ದೋಣಿ ಕೊಟ್ಟರೆ ಈ ಹತ್ತೊಂಬತ್ತು ದಿನವೂ ಹೋಗ್ತಾನೆ.”

ಇದಕ್ಕೆ ಉತ್ತರವಿದೆಯೆಂದು ನನಗೆ ತೋರಲಿಲ್ಲ. ಗಟ್ಟಿ ದೋಣಿ ಮನುಷ್ಯನನ್ನು ಎಷ್ಟು ಕಾಯುತ್ತದೋ ಅಷ್ಟೇ ದೂರ ಕರೆದೊಯ್ಯುತ್ತದೆ ಎಂಬ ಮಾತಿನಲ್ಲಿ ಸುಳ್ಳೇನಿದೆ? ನನ್ನ ಲೇಖನಿ ಜೇಬಿನಲ್ಲಿ ಭಾರವಾಯಿತು. ಸಾಲ ತೀರದಿದ್ದರೆ ಸಂಬಳದಲ್ಲಿ ಕಡಿತವಾಗುವುದು ಒಂದು ಕಡೆ. ಈ ರುಜುವಿನಿಂದ ಆ ಕ್ಯಾಲೆಂಡರ್ ಬರೆಯುವವಳ ಗತಿ ಏನಾದೀತೆಂಬುದು ಇನ್ನೊಂದು ಕಡೆ.

ಹುಡುಗ ಕೂಗಾಡಲಿಲ್ಲ. ಸೊನ್ನೆಗಳ ಸಾಲಿನಲ್ಲಿ ಒಂದನ್ನು ತೋರಿಸಿದ. ಜುಲೈ ತಿಂಗಳ ಒಂದು ದಿನ. “ಸಾರ್, ಇದು ಅಡ್ಡಗೆರೆ ಅಲ್ಲ, ಸೊನ್ನೆ. ಬೆಳಿಗ್ಗೆ ಹೋಗುವಾಗ ಕಡಲು ಕೆರೆಯ ಹಾಗೆ ಇತ್ತು. ಹತ್ತು ಗಂಟೆಗೆ ಗಾಳಿ ಎದ್ದಿತು. ಬರುವಾಗ ಹಿಂದಿನಿಂದ ಎರಡು ಸಲ ನೀರು ಒಳಗೆ ಬಂತು. ಮೂರನೆಯದು ಬಂದಿದ್ದರೆ ಈ ಪೆನ್ಸಿಲು ಅಲ್ಲಿಗೇ ನಿಲ್ಲುತ್ತಿತ್ತು. ಹೆದರಿ ಹಿಂದೆ ಬಂದ ದಿನ ನನಗೆ ದೋಣಿ ಬೇಡ ಸಾರ್. ಹೆದರದೆ ಹೋದ ದಿನ ಬೇಕು.”

ಆ ದಿನದ ವಿಷಯ ಮನೆಯಲ್ಲಿ ಯಾರಿಗೂ ಅವನು ಹೇಳಿರಲಿಲ್ಲವೆಂಬುದು ಸೊಸೆಯ ಮುಖದಿಂದ ತಿಳಿಯಿತು. ಅಜ್ಜ ಅಡಕೆಯ ಕತ್ತರಿಯನ್ನು ಕೆಳಗಿಟ್ಟರು.

ಎರಡನ್ನೂ ಕಣ್ಣಾರೆ ನೋಡೋಣವೆಂದು ಮರುದಿನ ಹೊರಟೆವು. ಅಜ್ಜ ಚಪ್ಪಟೆಯದನ್ನು ಒಂದು ಸುತ್ತು ಬಂದು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಒಳ್ಳೆಯ ದೋಣಿ, ದೋಷವಿಲ್ಲ. ಆಮೇಲೆ ವಿ ತಳದ್ದರ ಬಳಿ ಬಹಳ ಹೊತ್ತು ನಿಂತರು. ನಾನು ಗಮನಿಸದಿದ್ದದ್ದು ಅವರ ಕಣ್ಣಿಗೆ ಬಿತ್ತು. ಮುಂಭಾಗದಲ್ಲಿ ಕತ್ತಿಯಂತೆ ಚೂಪಾಗಿದ್ದ ಒಡಲು ಹಿಂದೆ ಹಿಂದೆ ಬಂದಂತೆ ಹರಡಿ, ಯಂತ್ರ ಕೂರುವ ಕಡೆಯಲ್ಲಿ ಸಾಕಷ್ಟು ಚಪ್ಪಟೆಯಾಗಿತ್ತು. ಅದು ಪೂರ್ತಿ ವಿ ಅಲ್ಲ. ಮುಂದೆ ಕಡಲಿಗೆ, ಹಿಂದೆ ಹೊಳೆಗೆ ಎಂಬಂತೆ ಮಾಡಿದ ರಾಜಿ. “ನಮ್ಮ ಅಪ್ಪಯ್ಯನ ಮರದ ದೋಣಿ ಹೀಂಗೇ ಇತ್ತು” ಎಂದರು. ಜಗಳದಲ್ಲಿ ಎರಡು ಪಕ್ಷಗಳನ್ನು ನಾವು ಕಟ್ಟಿದ್ದೆವು. ದೋಣಿ ಕಟ್ಟಿದವನು ಕಟ್ಟಿರಲಿಲ್ಲ.

ಹಾಗೆಂದು ಐದಂಗುಲದ ಲೆಕ್ಕವೇನೂ ಅಳಿಸಿಹೋಗಲಿಲ್ಲ, ಮೂರಂಗುಲಕ್ಕೆ ಇಳಿಯಿತು. ಬೆಲೆಯಲ್ಲಿ ಹತ್ತು ಸಾವಿರ ಬಿಡಿಸಿದೆವು. ಆ ಹತ್ತು ಸಾವಿರಕ್ಕೆ ಮೂರು ಜೀವರಕ್ಷಕ ಅಂಗಿಗಳನ್ನೂ ಒಂದು ಲಂಗರನ್ನೂ ತರಬೇಕೆಂದು ನಾನು ಷರತ್ತು ಹಾಕಿದೆ. ಜಾಮೀನುದಾರನ ಅಧಿಕಾರವನ್ನು ನಾನು ಉಪಯೋಗಿಸಿದ್ದು ಅದೊಂದೇ ಸಲ. ಅಂಗಿ ತೊಟ್ಟರೆ ಬಲೆ ಎಳೆಯಲು ಕೈ ಆಡುವುದಿಲ್ಲವೆಂದು ಹುಡುಗ ಗೊಣಗಿದ. ತಂದೆಯ ಮುಖ ನೋಡಿ ಸುಮ್ಮನಾದ.

ದೋಣಿ ಈಗ ಮನೆಯ ಮೆಟ್ಟಿಲಿಗೆ ಬರುವುದಿಲ್ಲ. ಕುದ್ರುವಿನ ತೆಂಕಣ ಬದಿಯಲ್ಲಿ ಆಳವಿರುವ ಕಡೆ ಕಟ್ಟುತ್ತಾರೆ. ಇಳಿತವಿದ್ದರೆ ಕೆಸರಿನಲ್ಲಿ ಅರವತ್ತು ಹೆಜ್ಜೆ. ಅಜ್ಜ ಆ ಅರವತ್ತು ಹೆಜ್ಜೆಯನ್ನು ನಾನೇ ಕೊಟ್ಟ ಶಿಕ್ಷೆಯೆಂಬಂತೆ ಕಂಡಾಗಲೆಲ್ಲ ನೆನಪಿಸುತ್ತಾರೆ. ಕಪ್ಪೆಚಿಪ್ಪಿಗೆ ಹೋಗಲು ಸೊಸೆ ಹಳೆಯ ಮರದ ದೋಣಿಯನ್ನೇ ಕಲ್ಲೆಣ್ಣೆ ಬಳಿಸಿ, ಜೋಡಣೆ ತುಂಬಿಸಿ ಇಟ್ಟುಕೊಂಡಿದ್ದಾಳೆ. ಅದು ಸಂಸ್ಕೃತ ದೋಣಿ ಎಂದೇ ಮನೆಯಲ್ಲಿ ಪ್ರಸಿದ್ಧ.

ಮಳೆ ನಿಲ್ಲುವ ಹೊತ್ತಿಗೆ, ಶ್ರಾವಣದಲ್ಲಿ, ಒಂದು ಭಾನುವಾರ ಹೋಗಿದ್ದೆ. ಹುಡುಗ ಬಲೆ ಹೊಲಿಯುತ್ತಿದ್ದ. ಅಜ್ಜ ಒಳಗಿನಿಂದ ಈ ವರ್ಷದ ಕ್ಯಾಲೆಂಡರನ್ನು ತರಿಸಿ, ಜೂನ್ ಮತ್ತು ಜುಲೈ ತಿಂಗಳ ಹಾಳೆಗಳನ್ನು ಜಗಲಿಯ ಬೆಳಕಿಗೆ ಹಿಡಿದರು. ಸೊನ್ನೆಗಳು ಹೋದ ವರ್ಷಕ್ಕಿಂತ ಹೆಚ್ಚಿದ್ದವು. ಅವರು ಅವನ್ನು ಎಣಿಸಲಿಲ್ಲ. ಕನ್ನಡಕವನ್ನು ಸರಿಮಾಡಿಕೊಂಡು ಅಡ್ಡಗೆರೆಗಳನ್ನು ಒಂದೊಂದಾಗಿ ಎಣಿಸಿದರು. ಒಂಬತ್ತು ಇದ್ದವು. ಹಾಳೆಯನ್ನು ಮಡಿಸಿ ಸೊಸೆಗೆ ಕೊಟ್ಟು, ಎಲೆಯಡಕೆಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

“ತಕೋ ಮಾಣಿ” ಎಂದರು.